ಜ್ವರ ಬಿಟ್ಟ ದಿನ

ಬ್ಯಾಂಕಿನ ಕೆಲಸದ ನನ್ನ ಮಗಳಿಗೆ ತಿರುವನಂತಪುರದಲ್ಲಿದ್ದಾಗ ಒಮ್ಮೆ ಡೆಂಗಿ ಬಂದಿತ್ತು. ವಾರದಲ್ಲಿ ಎದ್ದು ಓಡಾಡಿದಳು. ಎರ್ನಾಕುಲಕ್ಕೆ ವರ್ಗವಾದ ಮೇಲೆ ಮತ್ತೆ ಜ್ವರ. ರಕ್ತ ನೋಡಿದವರು ಮತ್ತೆ ಡೆಂಗಿ ಎಂದರು. ನಾನು ಹೆದರಲಿಲ್ಲ. ದಡಾರ ಒಮ್ಮೆ ಬಂದವರಿಗೆ ಮತ್ತೆ ಬರುವುದಿಲ್ಲ. ಇದು ಬಂದರೂ ಹಗುರವಾಗಿಯೇ ಹೋಗುತ್ತದೆ ಎಂದುಕೊಂಡಿದ್ದೆ.

ಐದನೆಯ ದಿನ ಬೆಳಿಗ್ಗೆ ಹಣೆ ಮುಟ್ಟಿದರೆ ತಣ್ಣಗಿತ್ತು. ಜ್ವರ ಬಿಟ್ಟವರಿಗೆ ನಮ್ಮಲ್ಲಿ ಮಾಡುವಂತೆ ತಲೆಗೆ ಬಿಸಿನೀರು ಹಾಕಿದೆ, ಮೆಣಸಿನ ಸಾರನ್ನ ಕೊಟ್ಟೆ. ಎರಡು ತುತ್ತು ತಿಂದು ಕಕ್ಕಿದಳು. ಆಮೇಲೆ ಮಲಗಿದಲ್ಲಿ ಮಲಗಲಿಲ್ಲ. ಏಳುವುದು, ಕೂರುವುದು, ಮಗ್ಗುಲು ಬದಲಿಸುವುದು.

"ಸುಮ್ನೆ ಬಿದ್ಕೊಳ್ಳೇ. ಜ್ವರ ಬಿಟ್ಟಿದೆ."

"ಆಗ್ತಿಲ್ಲಮ್ಮ. ಹೊಟ್ಟೆ ಹಿಂಡ್ತಿದೆ."

"ಐದು ದಿನ ಬರೀ ಗಂಜಿ ಕುಡಿದಿದ್ದೀಯ. ಸಾರು ಹಿಡಿಸಿಲ್ಲ, ಅಷ್ಟೇ."

ಹಾಗೆಂದೆನೇ ಹೊರತು ನನಗೂ ಕೂರಲಾಗಲಿಲ್ಲ. ಅಡುಗೆಮನೆಗೆ ಹೋಗುವುದು, ಏನೂ ಮಾಡದೆ ಬರುವುದು. ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ತಾಯಿಯ ಕೈ ಹಿಡಿದಳು. "ಅಜ್ಜೀ, ಕೈ ಐಸ್ ಪೋಲೆ," ಎಂದಳು, ಐಸಿನ ಹಾಗಿದೆ ಎಂದು. ಅವಳ ಬಾಯಲ್ಲಿ ಮಲಯಾಳವೇ ಬರುವುದು.

"ಜ್ವರ ಹೋದ್ಮೇಲೂ ಸುಡತ್ತೇನೇ?"

ಅವಳು ಆಟೋ ಕರೆದಳು.

ಆಸ್ಪತ್ರೆಯ ಡಾಕ್ಟರು ಹೇಳಿದ್ದರಲ್ಲಿ ತಿಳಿಯದ್ದನ್ನು ಮೊಮ್ಮಗಳು ಬಿಡಿಸಿ ಹೇಳಿದಳು. ಡೆಂಗಿಯಲ್ಲಿ ನಾಲ್ಕು ಬಗೆ, ಇದು ಹಿಂದಿನದಲ್ಲ. ಹಿಂದಿನದಕ್ಕೆಂದು ಮೈ ಮಾಡಿಟ್ಟ ಕಾವಲು ಇದನ್ನು ಕೊಲ್ಲಲಾರದೆ ಹಿಡಿದು ಒಳಗೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಮೈ ಮಿತಿಮೀರಿ ರೇಗುತ್ತದೆ, ರಕ್ತನಾಳದಿಂದ ನೀರು ಸೋರುತ್ತದೆ. ಜ್ವರ ಇಳಿಯುವ ಹೊತ್ತಿಗೇ ಈ ಅಪಾಯ.

"ಹಾಗಾದ್ರೆ ಇವಳನ್ನ ಹೊಡೀತಿರೋದು ಕ್ರಿಮಿಯೋ, ಇವಳ ಮೈಯೋ?"

ಎರಡೂ ಎಂದರು. ತಲೆಗೆ ನೀರು ಹಾಕಿದ್ದನ್ನೂ ಹೇಳಿದೆ. ಸ್ನಾನದಿಂದ ಏನೂ ಕೆಟ್ಟಿಲ್ಲ, ಕರೆತರಲು ತಡಮಾಡಿದ್ದೇ ತಪ್ಪು ಎಂದರು. ತಪ್ಪು ನನ್ನದೇ.

ಡ್ರಿಪ್ ಹಾಕಿದರು. ಮೂತ್ರ ಸರಿಯಾಗಿ ಬಂದರೆ ಉಳಿದಳು ಎಂದು ತಿಳಿಯಬೇಕಂತೆ. ಸಂಜೆಯಾದರೂ ಅದನ್ನು ಅಳೆಯಲು ಕೊಟ್ಟ ಜಗ್ಗಿನ ತಳ ಮುಚ್ಚಲಿಲ್ಲ. ನಾನು ಹಾಸಿಗೆಯಿಂದ ಬಾಗಿಲಿಗೆ, ಬಾಗಿಲಿನಿಂದ ಹಾಸಿಗೆಗೆ ನಡೆದೆ. "ಅಮ್ಮೇ, ಇರಿಕ್ಕೂ," ಎಂದು ನರ್ಸು ಕುರ್ಚಿ ತೋರಿಸಿದಳು. ಕೂರಲಿಲ್ಲ.

ಮರುದಿನ ಮಧ್ಯಾಹ್ನ ಜಗ್ಗು ಅರ್ಧ ತುಂಬಿತು. ಎತ್ತಿಕೊಂಡು ಹೊರಟೆ.

"ಅಮ್ಮ, ಅದನ್ನ ವಾರ್ಡಿಗೆಲ್ಲ ತೋರಿಸ್ಕೊಂಡು ತಿರುಗ್ಬೇಡ," ಎಂದಳು ಮಗಳು. "ಮಾನ ಹೋಗತ್ತೆ."

"ಹೋಗ್ಲಿ," ಎಂದೆ. ಎಲ್ಲರಿಗೂ ತೋರಿಸಿಯೇ ಬಂದೆ.