ತೋವೆ ಇಳಿಸಿದ ಬಾವುಟ

ತೋವೆ ಆಗರ್ಸ್ಕೋವ್ ಡೆನ್ಮಾರ್ಕಿನ ಮೀನುಗಾರಿಕೆ ಮಂತ್ರಿ. ಆದರೆ ಪಶ್ಚಿಮ ಕರಾವಳಿಯ ಅವಳ ಊರಿಗೆ ಅವಳು ಬರೀ ತೋವೆ. ಹದಿನೈದಕ್ಕೇ ಬಂದರಿನಲ್ಲಿ ಮೀನು ಸೀಳಲು ನಿಂತವಳು. ಕೂಲಿಯವರ ಪರ ಗಂಟಲು ಹರಿದುಕೊಂಡು ಸಂಘದ ಮುಂದಾಳಾದಳು, ಆಮೇಲೆ ಪುರಸಭೆ, ಆಮೇಲೆ ಸಂಸತ್ತು. ಮಂತ್ರಿಯಾದದ್ದೇ ಒಂದು ನಿಯಮ ತಂದಳು: ಒಂದೊಂದು ದೋಣಿಗೆ ವರ್ಷಕ್ಕೆ ಇಂತಿಷ್ಟೇ ದಿನ ಕಡಲು, ಡಿಸೆಂಬರ್ ಮುಗಿಯುವಷ್ಟರಲ್ಲಿ ಬಳಸದ ದಿನ ಹೋದ ಹಾಗೇ. ಮೀನಿನ ಸಂತತಿ ಉಳಿಯಲಿ ಎಂಬ ಆಸೆ ಅವಳದು.

ಅವಳ ತಮ್ಮ ಆಸ್ಗರ್ ಮೀನುಗಾರ. ಆ ಡಿಸೆಂಬರಿನಲ್ಲಿ ಅವನಿಗೆ ಎರಡು ದಿನ ಉಳಿದಿದ್ದವು. ಬಿರುಗಾಳಿ ಎದ್ದಿದ್ದರೂ ಒಬ್ಬನೇ ಹೊರಟ. ಆರು ದಿನವಾಯಿತು, ದೋಣಿಯ ಹಲಗೆ ಚೂರೂ ಸಿಗಲಿಲ್ಲ.

ಅಮ್ಮ ಮಾಗ್ದಳ ಹುಟ್ಟುಹಬ್ಬಕ್ಕೆ ತೋವೆ ಊರಿಗೆ ಬಂದಳು. ಮರುದಿನ ರಾಜಧಾನಿಯಲ್ಲಿ ಅದೇ ನಿಯಮವನ್ನು ಮುಂದುವರಿಸುವ ಕಾಗದಕ್ಕೆ ಸಹಿ ಹಾಕಬೇಕು. ತಮ್ಮ ಬದುಕಿದ್ದಾನೆ ಅಂದುಕೊಂಡರೆ ಹಾಕಬಹುದು. ಸತ್ತಿದ್ದರೆ, ಕೊಂದದ್ದು ಯಾರು?

ಹುಟ್ಟುಹಬ್ಬಕ್ಕೆಂದು ಅಲ್ಲಿ ಮನೆಮನೆಯಲ್ಲೂ ಏರಿಸುವ ಬಾವುಟ ಅಂಗಳದ ಕಂಬದ ತುದಿಯಲ್ಲಿ ಪಟಪಟ ಬಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯ ಮುದುಕ ವಿಲ್ಲಾಡ್ಸ್ ಬೇಲಿಯಾಚೆಯಿಂದ ಕೂಗಿದ:

"ಏನೇ ತೋವೆ, ಬಾವುಟ ಅರ್ಧಕ್ಕೆ ಇಳಿಸೋಕೂ ನಿನ್ನ ಆಫೀಸಿಂದ ಕಾಗದ ಬರ್ಬೇಕಾ?"

"ಹೆಣ ಸಿಗೋವರ್ಗೂ ನನ್ನ ಅಂಗಳದಲ್ಲಿ ಅರ್ಧ ಬಾವುಟ ಹಾರಲ್ಲ!" ಒಳಗಿಂದ ಮಾಗ್ದ ಗುಡುಗಿದಳು. "ಒಳಗ್ ಬಾ ವಿಲ್ಲಾಡ್ಸ್. ಕೇಕ್ ತಿನ್ನು, ಬಾಯಿ ಮುಚ್ಚು."

ಮೂವರೂ ಕಾಫಿಗೆ ಕೂತರು. ಸೂರ್ಯ ಕಡಲಿಗೆ ತಾಗುತ್ತಿದ್ದಂತೆ ತೋವೆಗೆ ಬಾವುಟದ ನೆನಪಾಯಿತು. ಹೊತ್ತು ಮುಳುಗಿದ ಮೇಲೆ ಹಾರುವ ಬಾವುಟ ಸೈತಾನನದು ಎಂಬ ನಂಬಿಕೆ, ಅಲ್ಲಿ ಯಾರೂ ಹಾರಲು ಬಿಡುವುದಿಲ್ಲ. ಓಡಿಹೋಗಿ ಇಳಿಸಿ, ಮಡಚಿ ತಂದು ಅಡುಗೆಕಟ್ಟೆಯ ಮೇಲಿಟ್ಟಳು. ಮತ್ತೆ ಬಂದು ಕೂತಳು. ಯಾರೂ ಏಳಲಿಲ್ಲ.

ಕಿಟಕಿಯತ್ತ ನೋಡಿದ ವಿಲ್ಲಾಡ್ಸನ ಚಮಚ ಗಾಳಿಯಲ್ಲೇ ನಿಂತಿತು. "ತೋವೆ... ನೀನು ಇಳಿಸ್ದೆ ತಾನೆ?"

ಬಾವುಟ ಕಂಬದ ಮೇಲಿತ್ತು. ಸರಿಯಾಗಿ ಅರ್ಧಕ್ಕೆ. ಹೊರಗೆ ಗಾಳಿ ಗಿಡಗಳನ್ನು ನೆಲಕ್ಕೆ ಬಗ್ಗಿಸುತ್ತಿತ್ತು. ಬಾವುಟ ಮಾತ್ರ ಅಲ್ಲಾಡದೆ ಜೋತುಬಿದ್ದು ತೊಟ್ಟಿಕ್ಕುತ್ತಿತ್ತು. ಅಡುಗೆಕಟ್ಟೆಯ ಮೇಲೆ ಮಡಚಿಟ್ಟದ್ದು ಇರಲಿಲ್ಲ, ಬರೀ ನೀರು. ವಿಲ್ಲಾಡ್ಸ್ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದ.

"ಉಪ್ಪು."

ಮಾಗ್ದ ಅಳಲಿಲ್ಲ. "ನಾನು ಒಪ್ಕೊಳ್ಳಲಿಲ್ಲ ಅಂತ ನನ್ನ ಮಗ ತಾನೇ ಬಂದು ಹೇಳ್ಬೇಕಾಯ್ತು," ಎಂದಳು. ಮಗಳತ್ತ ತಿರುಗಿ, "ನನಗೊಬ್ಬಳಿಗೇ ಹೇಳಿದ್ದಲ್ಲ ಕಣೇ ಅದು."

ಮರುದಿನ ಕಾರ್ಯದರ್ಶಿ ಪೆನ್ನು ಚಾಚಿದ. "ಇಲ್ಲೊಂದು ಸಹಿ ತೋವೆ, ಆಮೇಲೆ ಕಾಫಿ."

ತೋವೆ ಒಂದು ಸಾಲು ಹೊಡೆದುಹಾಕಿ ಮೇಲೆ ಬರೆದಳು: ಉಳಿದ ದಿನ ಮುಂದಿನ ವರ್ಷಕ್ಕೆ ಸೇರತಕ್ಕದ್ದು. ಕೆಳಗೆ ಸಹಿ ಹಾಕಿದಳು. ಅರ್ಧ ಗಂಟೆಯಲ್ಲಿ ಪಕ್ಷದ ನಾಯಕನ ಫೋನು.

"ಆ ಸಾಲು ಉಳಿದ್ರೆ ನಿನ್ನ ಕುರ್ಚಿ ಉಳಿಯಲ್ಲ."

"ಕುರ್ಚಿ ನೀನೇ ಇಟ್ಕೋ. ಸಾಲು ಮುಟ್ಬೇಡ."

ಮೂರು ವಾರದಲ್ಲಿ ಹೊಸ ಮಂತ್ರಿಗೆ ಬೀಗದ ಕೈ ಕೊಟ್ಟು ಊರಿಗೆ ಬಂದಳು. ಸಾಲು ಉಳಿಯಿತು.

ಮುಂದಿನ ಡಿಸೆಂಬರಿನಲ್ಲಿ ಮತ್ತೆ ಬಿರುಗಾಳಿ. ಬೆಳಗ್ಗೆ ತೋವೆ ಬಂದರಿಗೆ ಹೋದಳು.

"ನೋಡು, ದೋಣಿ ಎಲ್ಲಾ ಇಲ್ಲೇ ಇವೆ," ಎಂದ ವಿಲ್ಲಾಡ್ಸ್. "ಒಬ್ಬನೂ ಹೋಗಿಲ್ಲ."

"ಹಂಗಾದ್ರೆ ಅದು?"

ತಡೆಗೋಡೆಯಾಚೆ ಇಂಜಿನ್ನಿನ ಸದ್ದು ನಿಧಾನವಾಗಿ ದೂರ ದೂರ ಸರಿಯುತ್ತಿತ್ತು. ವಿಲ್ಲಾಡ್ಸ್ ಟೋಪಿ ತೆಗೆದ. "ಆಸ್ಗರ್‌ದು ಎರಡು ದಿನ ಬಾಕಿ ಇತ್ತಲ್ಲ."