ತೊಟ್ಟಿಲ ಹಗ್ಗದ ನೆಲುವು

ವಿಡಿಯೋ ನೋಡಿಕೊಂಡು ಗೋಡೆಗೆ ತೂಗುಹಾಕಲು ಮ್ಯಾಕ್ರಮೆ ಎಂಬ ಹಗ್ಗದ ಗಂಟಿನ ಅಲಂಕಾರ ಹೆಣೆಯಲು ಕೂತಿದ್ದೆ. ಹೊಸ ಹತ್ತಿಹಗ್ಗದ ಕಟ್ಟು ಬಿಚ್ಚಿದ ವಾಸನೆಗೆ ಚನ್ನಪಟ್ಟಣದ ಪಕ್ಕದ ನಮ್ಮೂರಿನ ನಡುಮನೆ ಕಣ್ಣೆದುರು ಬಂತು.

ದೊಡ್ಡಮಳೂರಿನ ಕೃಷ್ಣನಿಗೆ ಹರಕೆ ಹೊತ್ತ ಮೇಲೆ ಹುಟ್ಟಿದವನು ನನ್ನ ತಮ್ಮ. ಅವನಿಗೆಂದು ಅಪ್ಪ ತೊಲೆಗೆ ಹೊಸ ಹಗ್ಗ ಬಿಗಿದು ತೊಟ್ಟಿಲು ಕಟ್ಟಿದ್ದ. ಹಗ್ಗದ ವಾಸನೆ ಹೋಗುವ ಮೊದಲೇ ತಮ್ಮ ಜ್ವರಕ್ಕೆ ತೀರಿಕೊಂಡ. ಮಣ್ಣು ಮಾಡಿ ಬಂದ ಸಂಜೆಯೇ ಅಜ್ಜಿ ತೊಟ್ಟಿಲು ಇಳಿಸಿದಳು.

"ಖಾಲಿ ತೊಟ್ಲು ತೂಗಾಡ್ಬಾರ್ದು ಕಣವ್ವ" ಎಂದು ಅಮ್ಮನಿಗೆ ಹೇಳಿದಳು.

ಹಗ್ಗವನ್ನು ಮಾತ್ರ ಎಸೆಯಲಿಲ್ಲ. ನಮ್ಮ ಮನೆಯಲ್ಲಿ ಯಾವುದನ್ನೂ ಎಸೆಯುತ್ತಿರಲಿಲ್ಲ. ಅದನ್ನು ಕಾಲ್ಬೆರಳಿಗೆ ಸಿಕ್ಕಿಸಿಕೊಂಡು, ಗಂಟು ಹಾಕುತ್ತಾ, ಮೊಸರಿನ ಗಡಿಗೆ ಇಡಲು ನೆಲುವು ಹೆಣೆದಳು. ಅದೇ ತೊಲೆಗೆ ಕಟ್ಟಿದಳು. ಬೆಕ್ಕಿಗೆ ಎಟುಕದ ಆ ಗಡಿಗೆಗೆ ಅಮ್ಮನೂ ಕೈ ಚಾಚಲಿಲ್ಲ. ಅಜ್ಜಿ ಇರುವತನಕ ಮೊಸರು ಬಡಿಸಿದ್ದು ಅಜ್ಜಿಯೇ.

ನಾನು ಹೆಣೆದ ಮ್ಯಾಕ್ರಮೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸುವಾಗ ಅಮ್ಮ ಬಂದು ನಿಂತಳು.

"ಏನ್ ಇಕ್ತೀಯವ್ವ ಇದ್ರಲ್ಲಿ?"

"ಏನಿಲ್ಲಮ್ಮ. ಸುಮ್ನೆ ಚೆಂದಕ್ಕೆ."

ಅಮ್ಮ ಒಂದೊಂದೇ ಗಂಟು ಮುಟ್ಟಿ ನೋಡಿದಳು. ಫ್ಯಾನಿನ ಗಾಳಿಗೆ ಹೆಣಿಗೆ ಮೆಲ್ಲಗೆ ಅಲುಗಿತು.

"ಕೆಳಕ್ಕೂ ಎಲ್ಡು ಮೊಳೆ ಹೊಡ್ದ್ಬುಡು" ಎಂದಳು. "ತೂಗಾಡೋದು ಬ್ಯಾಡ."