ಉಸಿರಕ್ಕ ಕೇಳಿದ ಪ್ರಶ್ನೆ

ಆ ಆಸ್ಪತ್ರೆಯಲ್ಲಿ ಅವಳನ್ನು ಎಲ್ಲರೂ ಉಸಿರಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಎಕ್ಸ್‌ರೇ ಕೋಣೆಯಲ್ಲಿ ನಿಂತು, ದಿನಕ್ಕೆ ಅರವತ್ತು ಎಪ್ಪತ್ತು ಸಲ, ‘ಉಸಿರು ತಗೊಳ್ಳಿ... ಬಿಗಿಹಿಡೀರಿ... ಹಾಂ, ಬಿಡಿ’ ಎಂದು ಹೇಳಿದವಳಿಗೆ ಬೇರೆ ಯಾವ ಹೆಸರು ನಿಂತೀತು? ‘ಮನೇಲೂ ಅಷ್ಟೇ ಕಣ್ರೀ, ಉಸಿರು ಬಿಡಬೇಕಾದ್ರೆ ಇವಳ ಅಪ್ಪಣೆ ಆಗಬೇಕು’ ಎಂದು ಬಸ್ಸು ಓಡಿಸುವ ಅವಳ ಗಂಡ ಬಂದವರೆದುರು ಹೇಳಿ ನಗುತ್ತಿದ್ದ. ಅವಳೂ ನಗುತ್ತಿದ್ದಳು. ಆ ಮಾತಿನ ಒಳಗಿದ್ದ ಹೆಮ್ಮೆ ಅವಳಿಗೆ ಗೊತ್ತಿತ್ತು.

ಅವಳು ಕೆಲಸಕ್ಕೆ ಸೇರಿದ್ದು ಹತ್ತೊಂಬತ್ತನೆಯ ವಯಸ್ಸಿನಲ್ಲಿ, ಕತ್ತಲೆ ಕೋಣೆಗೆ. ಕೆಂಪು ದೀಪದ ಕೆಳಗೆ ಫಿಲ್ಮುಗಳನ್ನು ದ್ರಾವಣದ ತೊಟ್ಟಿಗೆ ಅದ್ದಿ, ತೊಳೆದು, ತಂತಿಗೆ ಕ್ಲಿಪ್ಪು ಹಾಕಿ ಒಣಗಿಸುವ ಕೆಲಸ. ಬೇರೆಯವರ ಪಕ್ಕೆಲುಬುಗಳು ಒಗೆದ ಬಟ್ಟೆಯಂತೆ ಸಾಲಾಗಿ ತೂಗುತ್ತಿದ್ದವು. ಕಪ್ಪು ನೀರಿನೊಳಗಿಂದ ಒಂದು ಬಿಳಿ ಮೂಳೆ ನಿಧಾನವಾಗಿ ಮೇಲೇಳುವುದನ್ನು ನೋಡುವಾಗಲೆಲ್ಲ ಅವಳ ಎದೆ ಒಂದು ಕ್ಷಣ ನಿಲ್ಲುತ್ತಿತ್ತು. ಸಂಜೆ ತರಗತಿಗೆ ಹೋಗಿ ಪರೀಕ್ಷೆ ಕಟ್ಟಿ, ಆ ಮೂಳೆಗಳ ಚಿತ್ರ ತೆಗೆಯುವ ಅಧಿಕಾರವನ್ನು ಅವಳು ತಾನೇ ಗಳಿಸಿಕೊಂಡಳು.

ನಿವೃತ್ತಿಗೆ ಮೂರು ವರ್ಷವಿದೆ ಎನ್ನುವಾಗ ಆಸ್ಪತ್ರೆಗೆ ಎಂಆರ್‌ಐ ಯಂತ್ರ ಬಂತು. ಒಂದು ಗೋಡೆಯನ್ನೇ ಒಡೆದು ಅದನ್ನು ಒಳಗೆ ಸೇರಿಸಿದರು. ಅದನ್ನು ನಡೆಸಲು ನಾಲ್ವರು ಎಳೆಯರನ್ನು ತರಬೇತಿಗೆ ಕಳಿಸಿದರು. ಉಸಿರಕ್ಕನಿಗೆ ಕೊಟ್ಟದ್ದು ಬಾಗಿಲ ಹೊರಗೆ ಒಂದು ಮೇಜು, ಒಂದು ಕುರ್ಚಿ, ಒಂದು ಪ್ಲಾಸ್ಟಿಕ್ ತಟ್ಟೆ. ಒಳಗೆ ಹೋಗುವವರ ಬೀಗದ ಕೈ, ಗಡಿಯಾರ, ಬೆಲ್ಟು, ಕೂದಲಿನ ಪಿನ್ನು ಎಲ್ಲವನ್ನೂ ತಟ್ಟೆಗೆ ಹಾಕಿಸಿಕೊಂಡು, ಏಳು ಪ್ರಶ್ನೆಗಳ ಹಾಳೆಯೊಂದನ್ನು ತುಂಬಿಸಿಕೊಳ್ಳಬೇಕು. ಒಳಗಿರುವುದು ಮನುಷ್ಯನನ್ನೇ ನುಂಗುವಷ್ಟು ದೊಡ್ಡ ಅಯಸ್ಕಾಂತ. ಹಗಲಾಗಲಿ ರಾತ್ರಿಯಾಗಲಿ ಅದು ಮಲಗುವುದಿಲ್ಲ. ಒಂದು ಕತ್ತರಿ ಜೇಬಿನಲ್ಲಿ ಉಳಿದುಹೋದರೂ ಗುಂಡಿನಂತೆ ಹಾರಿ ಹೋದೀತು.

‘ಕೊನೆಗೂ ಬಾಗಿಲು ಕಾಯೋ ಕೆಲಸಾನಾ ಅತ್ತಿಗೆ?’ ಎಂದು ನಾದಿನಿ ಕೆಣಕಿದಳು.

‘ಬಾಗಿಲು ಭದ್ರ ಇದ್ರೆ ತಾನೇ ಮನೆ?’ ಎಂದಳು ಉಸಿರಕ್ಕ. ಹಾಗೆಂದ ದಿನ ಸ್ನಾನದ ಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತಳು. ಮಾರನೆಯ ದಿನದಿಂದ ಆ ಮೇಜನ್ನು ತನ್ನದಾಗಿಸಿಕೊಂಡಳು.

ಅವಳದೊಂದು ಕ್ರಮವಿತ್ತು. ರೋಗಿ ಎದುರು ಕೂತ ಕೂಡಲೇ ಪ್ರಶ್ನೆಗಳ ಹಾಳೆಯನ್ನು ಬೋರಲು ಹಾಕಿಬಿಡುತ್ತಿದ್ದಳು. ಹಾಳೆ ನೋಡಿಕೊಂಡು ಕೇಳಿದರೆ ಜನ ಶಾಲೆಯಲ್ಲಿ ಹಾಜರಿ ಹೇಳಿದಂತೆ ಇಲ್ಲ, ಇಲ್ಲ, ಇಲ್ಲ ಎನ್ನುತ್ತಾ ಹೋಗುತ್ತಾರೆ. ಅದಕ್ಕೇ ಮೊದಲು ಮಾತು. ಏನು ಕೆಲಸ, ಮನೆಯಲ್ಲಿ ಯಾರಿದ್ದಾರೆ, ಊಟ ಸೇರುತ್ತಾ. ಆಮೇಲೆ ಹಾಳೆ. ಸ್ಕ್ಯಾನ್‌ಗಳನ್ನು ಓದುತ್ತಿದ್ದ ಚಿಕ್ಕ ಡಾಕ್ಟರಿಗೆ ಇದು ಸರಿಬರುತ್ತಿರಲಿಲ್ಲ. ಬುದ್ಧಿವಂತ ಹುಡುಗ, ಆದರೆ ಗಂಟೆಯ ಮುಳ್ಳಿನ ಮೇಲೆಯೇ ಕೂತವನು. ‘ಅಕ್ಕಾ, ಹರಟೆ ಮುಗೀತಾ?’ ಎಂದು ದಿನಕ್ಕೆ ಹತ್ತು ಸಲವಾದರೂ ಕಿಟಕಿಯಿಂದ ಇಣುಕುತ್ತಿದ್ದ.

ಒಂದು ದಿನ ಬೆಳಿಗ್ಗೆ ಹನ್ನೊಂದರ ಸರದಿಗೆ ಅರವತ್ತೆರಡರ ಒಬ್ಬ ಗಟ್ಟಿ ಆಳು ಬಂದ. ಜೊತೆಗೆ ಮಗಳು. ಎರಡು ವಾರದಿಂದ ಅವನಿಗೆ ತಲೆನೋವು. ಬಲಗೈ ದಿನದಿಂದ ದಿನಕ್ಕೆ ಮಾತು ಕೇಳುತ್ತಿಲ್ಲ. ಚಮಚ ಜಾರುತ್ತದೆ. ಸಹಿ ಗುಡ್ಡ ಇಳಿದಂತೆ ಇಳಿಯುತ್ತದೆ.

‘ದೊಡ್ಡದನ್ನೇ ಬರೆಸ್ಕೊಂಡು ಬಂದಿದ್ದೀನಿ ಅಕ್ಕ’ ಎಂದಳು ಮಗಳು, ಚೀಟಿ ಮುಂದೆ ಚಾಚುತ್ತಾ. ‘ಚಿಕ್ಕ ಸ್ಕ್ಯಾನ್ ಬೇಡ, ಎಲ್ಲಕ್ಕಿಂತ ದೊಡ್ಡ ಮೆಷಿನ್ ಯಾವುದಿದೆಯೋ ಅದನ್ನೇ ಬರೆದುಕೊಡಿ ಅಂತ ಡಾಕ್ಟ್ರ ಹತ್ರ ಹಟ ಹಿಡಿದೆ. ಒಂಬತ್ತು ದಿನ ಕಾದ ಮೇಲೆ ಸಿಕ್ಕಿದೆ.’ ಹಾಳೆಯನ್ನು ಅವಳೇ ತುಂಬಿಕೊಂಡು ಬಂದಿದ್ದಳು. ಏಳು ಪ್ರಶ್ನೆ, ಏಳು ಇಲ್ಲ. ಕಣ್ಣಿಗೆ ಲೋಹದಿಂದ ಗಾಯವಾಗಿದೆಯೇ ಎಂಬುದಕ್ಕೂ ಇಲ್ಲ.

ಉಸಿರಕ್ಕ ಹಾಳೆಯನ್ನು ಬೋರಲು ಹಾಕಿದಳು. ಅವನ ಕೈ ನೋಡಿದಳು. ಬೆರಳ ತುದಿಯ ಗೆರೆಗಳಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು ಕೂತಿತ್ತು.

‘ಲೇತ್ ಕೆಲಸಾನಾ?’

ಅವನ ಮುಖ ಅರಳಿತು. ‘ನಲವತ್ತು ವರ್ಷ! ಈಗ ಮೇಸ್ತ್ರಿ. ಹೇಗೆ ಗೊತ್ತಾಯ್ತಮ್ಮ?’

‘ನಮ್ಮಪ್ಪನ ಕೈ ಹೀಗೇ ಇತ್ತು.’

ನಿಜವೇ. ಅವಳ ಅಪ್ಪ ಲೇತಿನಲ್ಲಿ ಕಬ್ಬಿಣ ಕಡೆಯುವವನಾಗಿದ್ದ. ತಿರುಗುವ ಕಬ್ಬಿಣದಿಂದ ಸಿಡಿದ ಚೂರು ಯಾರ ಕಣ್ಣಿಗೆ ಬಿದ್ದರೂ ಅವರು ಅಪ್ಪನನ್ನು ಹುಡುಕಿಕೊಂಡು ಮನೆಗೇ ಬರುತ್ತಿದ್ದರು. ಜಗಲಿಯ ಬಿಸಿಲಿನಲ್ಲಿ ಅವರನ್ನು ಕೂರಿಸಿ, ರೆಪ್ಪೆ ಮಡಚಿ, ಸುತ್ತಿ ಚೂಪು ಮಾಡಿದ ಕಾಗದದ ಮೊನೆಯಿಂದ ಅವನು ಚೂರು ತೆಗೆಯುತ್ತಿದ್ದ. ಟಾರ್ಚು ಹಿಡಿಯುವ ಕೆಲಸ ಪುಟ್ಟ ಮಗಳದು. ಅಲ್ಲಿ ಯಾರೂ ಅದನ್ನು ಗಾಯ ಎನ್ನುತ್ತಿರಲಿಲ್ಲ. ಕಸ ಬಿತ್ತು, ತೆಗೆದಾಯ್ತು, ಅಷ್ಟೇ. ಗಾಯವಾಗಿದೆಯೇ ಎಂದು ಸಾವಿರ ಸಲ ಕೇಳಿದರೂ ಆ ಜನ ಇಲ್ಲ ಎಂದೇ ಹೇಳುತ್ತಾರೆ, ಅದೂ ಸುಳ್ಳಿಲ್ಲದೆ.

ಅದಕ್ಕೆ ಅವಳು ಬೇರೆ ಪ್ರಶ್ನೆ ಕೇಳಿದಳು. ‘ನಿಮ್ಮ ವರ್ಕ್‌ಶಾಪಲ್ಲಿ ಕಣ್ಣಿಂದ ಚೂರು ತೆಗೆಯೋರು ಯಾರು?’

ಮೇಸ್ತ್ರಿ ಬೆನ್ನು ನೆಟ್ಟಗೆ ಮಾಡಿ ಕೂತ. ‘ಇನ್ಯಾರು? ನಾನೇ! ನನ್ನ ಕೈಕೆಳಗೆ ಹನ್ನೆರಡು ಜನ ಇದ್ದಾರೆ. ಒಬ್ಬನೂ ಅದಕ್ಕೋಸ್ಕರ ಆಸ್ಪತ್ರೆ ಮೆಟ್ಟಿಲು ಹತ್ತಿಲ್ಲ. ನನ್ನ ಕೈ ಅಷ್ಟು ಹಗುರ.’

‘ಮತ್ತೆ ನಿಮ್ಮ ಕಣ್ಣಿಂದ ಯಾರು ತೆಗೀತಾರೆ?’

ಅವನು ಮಗಳ ಕಡೆ ನೋಡಿದ. ‘ಇವಳಮ್ಮ ತೆಗೀತಿದ್ಳು’ ಎಂದ ಮೆಲ್ಲಗೆ. ‘ಬಟ್ಟೆ ಚುಂಗಲ್ಲಿ. ನೋವೇ ಆಗ್ತಿರಲಿಲ್ಲ.’

‘ಈಗ?’

‘ಅವಳು ಹೋಗಿ ಆರು ವರ್ಷ ಆಯ್ತಮ್ಮ.’

‘ಆ ಆರು ವರ್ಷದಲ್ಲಿ?’

‘ಬಿದ್ದಿರತ್ತೆ ಬಿಡಿ ಒಂದೆರಡು ಸಲ. ಎಡಗಣ್ಣಿಗೆ ಒಂದು ಸಲ ಸ್ವಲ್ಪ ಜೋರಾಗೇ ಬಿತ್ತು. ಉಜ್ಜಿಕೊಂಡೆ. ಎರಡು ದಿನ ನೀರು ಸುರೀತು, ಹೋಯ್ತು.’

‘ಹೋದದ್ದನ್ನ ನೋಡಿದ್ರಾ?’

‘ಹೋದದ್ದನ್ನ ಯಾರಾದ್ರೂ ನೋಡ್ತಾರೇನಮ್ಮ!’ ಎಂದು ಅವನು ನಕ್ಕ.

ಉಸಿರಕ್ಕ ನಗಲಿಲ್ಲ. ಕಣ್ಣೊಳಗೆ ಕಬ್ಬಿಣ ಉಳಿದುಕೊಂಡಿದ್ದರೆ ಒಳಗಿನ ಅಯಸ್ಕಾಂತ ಅದನ್ನು ಎಳೆಯುತ್ತದೆ. ಆ ಚೂರು ಬಂದ ದಾರಿಯಲ್ಲೇ ಹೊರಟೀತೆಂಬ ನಂಬಿಕೆಯಿಲ್ಲ. ಸಿಕ್ಕಿದ್ದನ್ನು ಹರಿದುಕೊಂಡು ಹೋಗುತ್ತದೆ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಹಿಡಿಯುವ ಕಣ್ಣು ಈ ಮನುಷ್ಯನದು. ಬಲಗೈ ಆಗಲೇ ಕೈಕೊಡುತ್ತಿದೆ. ಕಣ್ಣೂ ಹೋದರೆ?

‘ಈಗ ಇವರನ್ನ ಒಳಗೆ ಬಿಡೋ ಹಾಗಿಲ್ಲಮ್ಮ’ ಎಂದಳು ಮಗಳಿಗೆ.

ಮಗಳು ಎದ್ದು ನಿಂತಳು. ‘ಅಂದ್ರೆ? ಒಂಬತ್ತು ದಿನ ಕಾದಿದ್ದೀವಿ! ಅಪ್ಪನ ಕೈ ಬಿದ್ದುಹೋಗ್ತಾ ಇದೆ, ನೀವಿಲ್ಲಿ ನಮ್ಮಮ್ಮನ ಕಥೆ ಕೇಳ್ತಾ ಕೂತಿದ್ದೀರಾ?’

ಆ ಸದ್ದಿಗೆ ಚಿಕ್ಕ ಡಾಕ್ಟರು ಹೊರಗೆ ಬಂದ. ಹಾಳೆಯನ್ನು ತಿರುಗಿಸಿ ನೋಡಿದ. ‘ಎಲ್ಲಾ ಇಲ್ಲ ಅಂತಾನೇ ಇದೆಯಲ್ಲ ಅಕ್ಕ. ಹಿಂದೆ ಇನ್ನೂ ಆರು ಜನ ಇದ್ದಾರೆ.’

‘ಹಾಳೆ ಇಲ್ಲ ಅನ್ನತ್ತೆ ಸಾರ್, ಮನುಷ್ಯ ಹೌದು ಅಂತಿದ್ದಾರೆ. ಮೊದಲು ಕಣ್ಣಿನದೊಂದು ಎಕ್ಸ್‌ರೇ ಆಗ್ಲಿ. ಹತ್ತು ನಿಮಿಷ. ನಾನೇ ತೆಗೀತೀನಿ.’

‘ಏನೂ ಸಿಗದಿದ್ರೆ?’

‘ಸಿಗದಿದ್ರೆ ಅವರು ಒಳಗೆ ಹೋಗ್ಲಿ, ನಾನು ಹೊರಗೆ ನಿಂತು ಎಲ್ಲರ ಕೈಲೂ ಬೈಸ್ಕೊಳ್ತೀನಿ.’

ಅವನು ಗಡಿಯಾರ ನೋಡಿದ, ಅವಳ ಮುಖ ನೋಡಿದ. ‘ಹತ್ತೇ ನಿಮಿಷ’ ಎಂದ.

ಹಳೆಯ ಎಕ್ಸ್‌ರೇ ಕೋಣೆಯ ನೆಲದ ಒಂದು ಹಾಸುಗಲ್ಲು ಅವಳ ಕಾಲಿನಡಿಯಲ್ಲೇ ಸವೆದು ಹೊಂಡವಾಗಿತ್ತು. ಅವಳು ಅದರ ಮೇಲೆ ನಿಂತು ಮೇಸ್ತ್ರಿಯ ಗದ್ದವನ್ನು ಎರಡು ಬೆರಳಿನಿಂದ ಎತ್ತಿ ಸರಿಮಾಡಿದಳು. ‘ತಲೆ ಅಲುಗಬಾರದು. ಕಣ್ಣು ಮಾತ್ರ ಮೇಲೆ, ಸೂರಿನ ಕಡೆ. ಉಸಿರು ಬಿಗಿಹಿಡೀರಿ... ಬಿಡಿ. ಈಗ ಕಣ್ಣು ಕೆಳಗೆ, ನಿಮ್ಮ ಹೆಬ್ಬೆರಳು ನೋಡಿ. ಹಿಡೀರಿ... ಬಿಡಿ.’

ಎರಡು ಚಿತ್ರಗಳು ಪರದೆಯ ಮೇಲೆ ಪಕ್ಕಪಕ್ಕ ಬಂದವು. ಎಡಗಣ್ಣಿನ ಗೂಡಿನಲ್ಲಿ ಎಳ್ಳಿಗಿಂತ ಸಣ್ಣದೊಂದು ಬಿಳಿ ಚುಕ್ಕಿ. ಪರದೆಯ ದೂಳಿರಬಹುದೆಂದು ಚಿಕ್ಕ ಡಾಕ್ಟರು ಬೆರಳಿಂದ ಒರೆಸಿದ. ಹೋಗಲಿಲ್ಲ. ಮೊದಲ ಚಿತ್ರದಲ್ಲಿ ಅದು ಒಂದು ಕಡೆ ಇತ್ತು, ಎರಡನೆಯದರಲ್ಲಿ ಇನ್ನೊಂದು ಕಡೆ. ಕಣ್ಣು ಹೊರಳಿದಾಗ ಅದೂ ಜೊತೆಗೇ ಹೊರಳಿತ್ತು. ಅಂದರೆ ಚೂರಿದ್ದದ್ದು ಕಣ್ಣುಗುಡ್ಡೆಯ ಒಳಗೇ.

ಚಿಕ್ಕ ಡಾಕ್ಟರು ಮೂಲೆಯಲ್ಲಿದ್ದ ಸ್ಟೂಲನ್ನು ತಾನೇ ಎಳೆದು ತಂದು, ‘ಕೂತ್ಕೊಳ್ಳಿ ಅಕ್ಕ’ ಎಂದ. ತಾನು ನಿಂತೇ ಇದ್ದ.

‘ಅಯಸ್ಕಾಂತ ಬೇಡವೇ ಬೇಡ’ ಎಂದ. ‘ತಲೆಯ ಸಿಟಿ ಸ್ಕ್ಯಾನ್ ಮಾಡೋಣ. ಅದರದ್ದು ಎಕ್ಸ್‌ರೇ ಕಿರಣ, ಕಬ್ಬಿಣವನ್ನ ಎಳೆಯಲ್ಲ.’

‘ಅದು ಚಿಕ್ಕದಲ್ವಾ?’ ಮಗಳ ದನಿ ಈಗ ಅಳುವಂತಿತ್ತು. ‘ಅದರಲ್ಲಿ ಏನೂ ಕಾಣದೇ ಹೋದ್ರೆ?’

ಉಸಿರಕ್ಕ ಮೇಸ್ತ್ರಿಯ ಕಡೆ ತಿರುಗಿದಳು. ‘ನೀವೇ ಹೇಳಿ. ಕೊಳವೆಯ ಒಳಗಿನ ಅಗಲ ಅಳೀಬೇಕು. ಅಲ್ಲಿರೋ ಎಲ್ಲಕ್ಕಿಂತ ದೊಡ್ಡ ಅಳತೆಪಟ್ಟಿ ತಗೋತೀರಾ?’

‘ಥೂ, ಅದು ಒಳಗೆ ಹೋಗೋದೇ ಇಲ್ವಲ್ಲ!’ ಎಂದ ಅವನು. ‘ಅದಕ್ಕೆ ಸಣ್ಣ ಕ್ಯಾಲಿಪರ್ರೇ ಬೇಕು.’ ಮಗಳ ಕೈಯನ್ನು ತನ್ನ ಎಡಗೈಯಲ್ಲಿ ಹಿಡಿದುಕೊಂಡ. ‘ದೊಡ್ಡ ಟೂಲು ಒಳ್ಳೇ ಟೂಲು ಅಂತೇನಿಲ್ಲ ಪುಟ್ಟೀ. ಕೆಲಸ ಯಾವುದೋ ಟೂಲು ಅದು. ನಡಿ.’

ಸಿಟಿ ಸ್ಕ್ಯಾನ್ ಮುಗಿಯಲು ಐದು ನಿಮಿಷವೂ ಹಿಡಿಯಲಿಲ್ಲ. ತಲೆಬುರುಡೆಯ ಎಡಬದಿಯ ಒಳಗೋಡೆಗೆ ಅಂಟಿಕೊಂಡು, ಬಿದಿಗೆಯ ಚಂದ್ರನ ಹಾಗೆ ಒಂದು ಬಾಗಿದ ನೆರಳು ಮಿದುಳನ್ನು ಒತ್ತುತ್ತಿತ್ತು. ವಾರಗಳಿಂದ ಹನಿಹನಿಯಾಗಿ ಸೇರಿದ ಹಳೆಯ ರಕ್ತ. ಬಲಗೈ ಸೋತದ್ದು ಅದರ ಭಾರಕ್ಕೆ. ಇಂಥದ್ದನ್ನು ಹಿಡಿಯಲು ಸಿಟಿಯೇ ಧಾರಾಳ ಸಾಕು ಎಂದ ಚಿಕ್ಕ ಡಾಕ್ಟರು.

‘ಒಂದೆರಡು ತಿಂಗಳ ಹಿಂದೆ ತಲೆಗೆ ಪೆಟ್ಟು ಬಿದ್ದಿತ್ತಾ?’ ಎಂದು ಅವನು ಕೇಳಿದ.

‘ಇಲ್ಲ’ ಎಂದ ಮೇಸ್ತ್ರಿ.

ಚಿಕ್ಕ ಡಾಕ್ಟರು ಉಸಿರಕ್ಕನ ಕಡೆ ನೋಡಿದ. ಅವಳು ಕೇಳಿದಳು: ‘ಲೇತಿನ ಕೆಳಗೆ ಬಿದ್ದ ನಟ್ಟು ಬೋಲ್ಟು ಎತ್ತಿಕೊಡೋರು ಯಾರು ಮೇಸ್ತ್ರಿಗಳೇ?’

‘ನಾನೇ ಬಗ್ಗಿ ಎತ್ಕೋತೀನಿ. ಹೋದ ತಿಂಗಳು ಏಳುವಾಗ ಹಲಗೆ ತಾಗಿ ಕಣ್ಣು ಕತ್ತಲೆ ಬಂತು.’ ಎಲ್ಲರೂ ತನ್ನನ್ನೇ ಏಕೆ ನೋಡುತ್ತಿದ್ದಾರೆಂದು ಅವನಿಗೆ ಅರ್ಥವಾಗಲಿಲ್ಲ. ‘ಅದೇನು ಪೆಟ್ಟಾ ಡಾಕ್ಟ್ರೇ?’

‘ಅಪ್ಪಾ!’ ಎಂದು ಮಗಳು ಹಣೆ ಹಣೆ ಚಚ್ಚಿಕೊಂಡಳು. ಅಳುತ್ತಲೇ ನಗುತ್ತಿದ್ದಳು.

ಅಂದು ಸಂಜೆಯೇ ತಲೆಬುರುಡೆಗೆ ಸಣ್ಣದೊಂದು ರಂಧ್ರ ಮಾಡಿ ಆ ರಕ್ತವನ್ನು ಹರಿಸಿದರು. ಮೂರನೆಯ ದಿನ ಮೇಸ್ತ್ರಿ ಚಮಚ ಹಿಡಿದ. ಐದನೆಯ ದಿನ ಅವನ ಸಹಿ ಗುಡ್ಡ ಇಳಿಯದೆ ಬಯಲಲ್ಲಿ ನಡೆಯಿತು.

ಹತ್ತು ವಾರ ಕಳೆದವು. ಬಾಗಿಲ ಮೇಜಿನ ಹಾಳೆ ಹೊಸದಾಗಿ ಅಚ್ಚಾಗಿ ಬಂತು. ಅದರಲ್ಲಿ ಎಂಟು ಪ್ರಶ್ನೆ. ಎಂಟನೆಯದನ್ನು, ‘ನಿಮ್ಮ ಕಣ್ಣಿಂದ ಚೂರು ಯಾರು ತೆಗೀತಾರೆ?’ ಎಂಬುದನ್ನು, ಚಿಕ್ಕ ಡಾಕ್ಟರು ಉಸಿರಕ್ಕನ ಬಾಯಲ್ಲಿ ಬಂದಂತೆಯೇ ಬರೆಸಿದ್ದ. ಕಚೇರಿಯವರು ಭಾಷೆ ಸರಿಯಿಲ್ಲವೆಂದು ತಿದ್ದಲು ಹೋದರೆ, ‘ಅಕ್ಷರ ಅಲುಗಿಸಬೇಡಿ’ ಎಂದನಂತೆ. ಆ ಹಾಳೆಯ ಒಂದು ಪ್ರತಿಯನ್ನು ಗಂಡ ಬಸ್ಸಿನಲ್ಲಿ ತನ್ನ ಆಸನದೆದುರು ಅಂಟಿಸಿಕೊಂಡು, ಏನಿದು ಎಂದು ಕೇಳಿದವರಿಗೆಲ್ಲ ಓದಿ ಹೇಳುತ್ತಿದ್ದ. ನಾದಿನಿಯೂ ಕೇಳಿಸಿಕೊಂಡಳು.

ಹಾಗೊಂದು ಬೆಳಿಗ್ಗೆ ಮೇಸ್ತ್ರಿ ಬಂದ. ಎಡಗಣ್ಣು ಇನ್ನೂ ಸ್ವಲ್ಪ ಕೆಂಪಗಿತ್ತು. ಕಣ್ಣಿನ ವಿಭಾಗದವರು ಚೂರನ್ನು ತೆಗೆದಿದ್ದರು. ಅವನು ಜೇಬಿನಿಂದ ಔಷಧಿಯ ಪುಟ್ಟ ಸೀಸೆಯೊಂದನ್ನು ತೆಗೆದು, ಬಲಗೈಯಲ್ಲೇ, ಒಂದಿಷ್ಟೂ ನಡುಗಿಸದೆ, ಅವಳೆದುರು ಎತ್ತಿ ಹಿಡಿದ. ತಳದಲ್ಲಿ ಕಪ್ಪು ಕಣವೊಂದು ಮಿನುಗಿತು.

‘ಹೋದದ್ದನ್ನ ನೋಡಿದ್ರಾ ಅಂತ ಕೇಳಿದ್ರಲ್ಲ ಅಮ್ಮ’ ಎಂದ. ‘ನೋಡಿದೆ. ವರ್ಕ್‌ಶಾಪಲ್ಲಿ ಹನ್ನೆರಡೂ ಜನಕ್ಕೆ ತೋರಿಸಿದೆ. ಈಗ ಎಲ್ಲರಿಗೂ ಕಣ್ಣಿಗೆ ಕನ್ನಡಕ. ಹಾಕದೋನಿಗೆ ನನ್ನ ಲೇತ್ ಮುಟ್ಟೋಕೆ ಬಿಡಲ್ಲ.’

‘ಇನ್ಮೇಲೆ ತೆಗೆಯೋ ಕೆಲಸ?’

‘ಆ ಅಂಗಡಿ ಮುಚ್ಚಿದೆ’ ಎಂದು ಅವನು ನಕ್ಕ.

ಚಿಕ್ಕ ಡಾಕ್ಟರನ್ನು ಮಾತಾಡಿಸಬೇಕೆಂದು ಅವನು ಸೀಸೆ ಹಿಡಿದೇ ಒಳಬಾಗಿಲ ಕಡೆ ಹೊರಟ. ಉಸಿರಕ್ಕ ಕೈ ಅಡ್ಡ ಹಿಡಿದಳು. ‘ಅದು ಒಳಗೆ ಬೇಡ. ಇಲ್ಲಿಡಿ.’ ಅವನು ನಾಲಿಗೆ ಕಚ್ಚಿಕೊಂಡು ಸೀಸೆಯನ್ನು ಪ್ಲಾಸ್ಟಿಕ್ ತಟ್ಟೆಯಲ್ಲಿ, ಯಾರದೋ ಬೀಗದ ಕೈಗಳ ಪಕ್ಕ ಇಟ್ಟ.

ಚಿಕ್ಕ ಡಾಕ್ಟರೇ ಹೊರಗೆ ಬಂದ. ಬೆಂಚಿನ ಮೇಲೆ ಮುಂದಿನ ಸರದಿಯವನು ಕೂತಿದ್ದ, ವೆಲ್ಡಿಂಗ್ ಕೆಲಸದವನು. ಹಾಳೆಯ ತುಂಬ ಇಲ್ಲ ಎಂದು ಬರೆದು ಕೈಯಲ್ಲಿ ಹಿಡಿದಿದ್ದ. ಡಾಕ್ಟರು ಅದನ್ನು ತೆಗೆದುಕೊಂಡು, ಓದದೆ, ಮೇಜಿನ ಮೇಲೆ ಬೋರಲು ಹಾಕಿದ. ಅವನ ಪಕ್ಕದಲ್ಲೇ ಬೆಂಚಿನ ಮೇಲೆ ಕೂತ.

‘ಊಟ ಸೇರತ್ತಾ?’ ಎಂದು ಕೇಳಿದ.

ಉಸಿರಕ್ಕ ಆಗ ಉಸಿರು ಬಿಟ್ಟಳು.